ಮಿಷನ್ ಎಂದರೆ ಏನು? ಓದಿ ತಿಳಿಯಲು ಕೆಲವು ಕೃತಿಗಳು

ಅಕ್ಟೋಬರ್ ತಿಂಗಳ ಕೊನೆಯದಕ್ಕಿಂತ ಹಿಂದಿನ ಆದಿತ್ಯವಾರವನ್ನು ಕೆಥೋಲಿಕ್ ಧರ್ಮಸಭೆಯು ವಿಶ್ವ ಮಿಷನ್ ದಿನವಾಗಿ ಆಚರಿಸುತ್ತದೆ. 1926ರಲ್ಲಿ ಪೋಪ್ 11ನೇ ಪಿಯುಸ್ ಇದನ್ನು ಆರಂಭಿಸಿದರು. ನಮ್ಮಲ್ಲಿ ಹಲವರಿಗೆ ಆ ದಿನವೆಂದರೆ ಕಾಣಿಕೆ ಸಂಗ್ರಹ ಮಾತ್ರ. ನೆರೆಯವರಲ್ಲಿ ಕೆಲವರಿಗೆ ಮಿಷನ್ ಎಂದರೆ ಮತಾಂತರ ಮಾತ್ರ. ಧರ್ಮಸಭೆಯ ಬೋಧನೆ ಇವೆರಡಕ್ಕಿಂತ ವಿಶಾಲವಾದುದು. ನೆರೆಯವರು ಕೇಳಿದಾಗ ಪ್ರಾಮಾಣಿಕ ಉತ್ತರ ಕೊಡಬೇಕಾದರೆ ಮೊದಲು ನಾವೇ ಓದಿ ತಿಳಿದಿರಬೇಕು. ಇದಕ್ಕೆ ನೆರವಾಗುವ ಕೃತಿಗಳನ್ನು ಕಾಲಾನುಕ್ರಮದಲ್ಲಿ ಇಲ್ಲಿ ಪರಿಚಯಿಸುತ್ತಿದ್ದೇವೆ.

1. ಆದ್ ಜೆಂಟೆಸ್ ಮತ್ತು ಡಿಗ್ನಿತಾತಿಸ್ ಹುಮಾನೆ (1965)
ದ್ವಿತೀಯ ವ್ಯಾಟಿಕನ್ ಮಹಾಸಭೆಯ ಈ ಎರಡು ದಾಖಲೆಗಳು 1965ರ ಡಿಸೆಂಬರ್ 7ರಂದು, ಒಂದೇ ದಿನ ಪ್ರಕಟವಾದವು. ಧರ್ಮಸಭೆಯು ಸ್ವಭಾವತಃ ಪ್ರೇಷಿತ ಸಭೆ ಎಂದು ಮೊದಲನೆಯದು ಸಾರುತ್ತದೆ. ಎರಡನೆಯದು ಪ್ರತಿಯೊಬ್ಬರ ಧಾರ್ಮಿಕ ಸ್ವಾತಂತ್ರ್ಯವನ್ನು ಎತ್ತಿಹಿಡಿಯುತ್ತದೆ. ವಿಶೇಷವಾಗಿ ಬಡವರ ಮತ್ತು ಅವಿದ್ಯಾವಂತರ ನಡುವೆ ಧರ್ಮಪ್ರಚಾರ ಮಾಡುವಾಗ ಒತ್ತಾಯದ ಸುಳಿವೂ ಇರಬಾರದೆಂದು ಅದರ 4ನೇ ಪರಿಚ್ಛೇದ ಎಚ್ಚರಿಸುತ್ತದೆ. ಇವೆರಡನ್ನೂ ಜೊತೆಯಾಗಿಯೇ ಓದಬೇಕು.

2. ಇವಾಂಜೆಲಿ ನುನ್ಸಿಯಾಂದಿ (1975)
1974ರ ಸಿನೋಡ್ ಬಳಿಕ ಪೋಪ್ 6ನೇ ಪೌಲ್ ಬರೆದ ಪ್ರೇರಣಾ ಪತ್ರ. ಇಂದಿನ ಜನ ಬೋಧಕರಿಗಿಂತ ಸಾಕ್ಷಿಗಳ ಮಾತಿಗೆ ಹೆಚ್ಚು ಕಿವಿಗೊಡುತ್ತಾರೆ ಎಂಬ ಪ್ರಸಿದ್ಧ ವಿಚಾರ ಇದರ 41ನೇ ಪರಿಚ್ಛೇದದಲ್ಲಿದೆ. ಹೊಸದಾಗಿ ಓದತೊಡಗುವವರಿಗೆ ನಾವು ಇದನ್ನೇ ಮೊದಲು ಸೂಚಿಸುತ್ತೇವೆ.

3. ರೆದೆಂಪ್ತೋರಿಸ್ ಮಿಸ್ಸಿಯೋ (1990)
ಪೋಪ್ 2ನೇ ಜಾನ್ ಪೌಲ್ ಅವರ ವಿಶ್ವಪತ್ರ. ಮಹಾನಗರಗಳು, ಯುವಜನರು, ವಲಸಿಗರು, ಸಂಪರ್ಕ ಮಾಧ್ಯಮಗಳು, ಇವೆಲ್ಲ ಮಿಷನ್ನಿನ ಹೊಸ ಕ್ಷೇತ್ರಗಳೆಂದು ಇದು ಗುರುತಿಸುತ್ತದೆ. ಮುಂಬಯಿಗೆ, ಗಲ್ಫ್ ನಾಡುಗಳಿಗೆ ಮಕ್ಕಳನ್ನು ಕಳುಹಿಸಿರುವ ನಮ್ಮ ಕರಾವಳಿಗೆ ಈ ಮಾತು ಹತ್ತಿರದ್ದು. ಇದರೊಡನೆ 1991ರಲ್ಲಿ ವ್ಯಾಟಿಕನ್ ಹೊರತಂದ 'ಸಂವಾದ ಮತ್ತು ಘೋಷಣೆ' ದಾಖಲೆಯನ್ನೂ ನೋಡಬಹುದು. ನೆರೆಹೊರೆಯ ಬಾಳು, ಕೂಡಿ ಮಾಡುವ ಕೆಲಸ, ವಿದ್ವಾಂಸರ ವಿಚಾರ ವಿನಿಮಯ, ಆಧ್ಯಾತ್ಮಿಕ ಅನುಭವಗಳ ಹಂಚಿಕೆ ಎಂದು ಅದು ಸಂವಾದದ ನಾಲ್ಕು ಬಗೆಗಳನ್ನು ವಿವರಿಸುತ್ತದೆ.

4. ಟ್ರಾನ್ಸ್‌ಫಾರ್ಮಿಂಗ್ ಮಿಷನ್ (1991)
ದಕ್ಷಿಣ ಆಫ್ರಿಕಾದ ಪ್ರೊಟೆಸ್ಟಂಟ್ ವಿದ್ವಾಂಸ ಡೇವಿಡ್ ಬಾಶ್ ಅವರ ದೊಡ್ಡ ಗ್ರಂಥ. ಕಾಲದಿಂದ ಕಾಲಕ್ಕೆ ಮಿಷನ್ನಿನ ಕಲ್ಪನೆ ಹೇಗೆ ಬದಲಾಯಿತು, ವಸಾಹತುಶಾಹಿಯೊಂದಿಗೆ ಅದು ಹೇಗೆ ಹೆಣೆದುಕೊಂಡಿತು ಎಂಬುದನ್ನು ಲೇಖಕರು ಮುಚ್ಚುಮರೆಯಿಲ್ಲದೆ ಚರ್ಚಿಸುತ್ತಾರೆ. ದೇವಶಾಸ್ತ್ರದ ವಿದ್ಯಾರ್ಥಿಗಳಿಗೆ, ಧರ್ಮೋಪದೇಶ ಶಿಕ್ಷಕರಿಗೆ ಉಪಯುಕ್ತ.

5. ಎಕ್ಲೇಸಿಯಾ ಇನ್ ಏಷ್ಯಾ (1999)
ಪೋಪ್ 2ನೇ ಜಾನ್ ಪೌಲ್ 1999ರ ನವೆಂಬರ್ 6ರಂದು ಹೊಸದಿಲ್ಲಿಯಲ್ಲಿ ಸಹಿ ಹಾಕಿದ ಪತ್ರ. ಯೇಸು ಹುಟ್ಟಿದ್ದು ಏಷ್ಯಾದಲ್ಲಿ. ಆದರೂ ಏಷ್ಯಾದ ಅನೇಕರಿಗೆ ಅವರು ಪರದೇಶಿಯಂತೆ ಕಾಣುವುದೇಕೆ? ಈ ಪ್ರಶ್ನೆಯನ್ನು ಪತ್ರವು ನೇರವಾಗಿ ಎದುರಿಸುತ್ತದೆ.

6. ಇವಾಂಜೆಲಿ ಗೌದಿಯುಂ (2013)
ಪೋಪ್ ಫ್ರಾನ್ಸಿಸ್ ಅವರ ಪ್ರೇರಣಾ ಪತ್ರ. ಬಾಗಿಲು ಮುಚ್ಚಿ ಕುಳಿತು ಕಾಯಿಲೆ ಬೀಳುವ ಸಭೆಗಿಂತ ಬೀದಿಗಿಳಿದು ಗಾಯಗೊಂಡ ಸಭೆಯೇ ಮೇಲೆಂಬುದು ಅವರ ನಿಲುವು. ಧರ್ಮಸಭೆ ಬೆಳೆಯಬೇಕಾದುದು ಮತಕ್ಕೆ ಸೆಳೆಯುವ ಹಟದಿಂದಲ್ಲ, ಬದುಕಿನ ಆಕರ್ಷಣೆಯಿಂದ ಎಂಬುದನ್ನೂ ಇಲ್ಲಿ ಕಾಣಬಹುದು.

ಬಾಶ್ ಅವರ ಗ್ರಂಥದ ಹೊರತು ಉಳಿದವೆಲ್ಲ ವ್ಯಾಟಿಕನ್ನಿನ ಅಂತರ್ಜಾಲ ತಾಣದಲ್ಲಿ ಇಂಗ್ಲಿಷಿನಲ್ಲಿ ಉಚಿತವಾಗಿ ಸಿಗುತ್ತವೆ. ಎಲ್ಲವನ್ನೂ ಓದಲು ಬಿಡುವಿಲ್ಲದವರು ಮೇಲೆ ಹೇಳಿದ 4ನೇ ಮತ್ತು 41ನೇ ಪರಿಚ್ಛೇದಗಳನ್ನಾದರೂ ವಾರ್ಡ್ ಸಭೆಯಲ್ಲಿ ಕನ್ನಡದಲ್ಲೋ ಕೊಂಕಣಿಯಲ್ಲೋ ವಿವರಿಸಿ ಚರ್ಚಿಸಬಹುದು. ನಾವು ಮಾಡುವ ಸೇವೆಯಲ್ಲಿ ಆಮಿಷದ ನೆರಳಿದೆಯೇ? ನಮ್ಮ ಬಾಳು ನಮ್ಮ ಮಾತಿಗೆ ಸಾಕ್ಷಿಯಾಗಿದೆಯೇ? ಕಾಣಿಕೆಯ ಲಕೋಟೆ ತುಂಬುವ ಮೊದಲು ಈ ಎರಡು ಪ್ರಶ್ನೆಗಳನ್ನು ನಮ್ಮನಮ್ಮಲ್ಲೇ ಕೇಳಿಕೊಳ್ಳೋಣ.