ಕೂಲಿಯೋ ಗುತ್ತಿಗೆಯೋ: ವಯನಾಡಿನ ಕಾಫಿ ತೋಟಗಳ ಮೇಸ್ತ್ರಿ ಪಾವತಿ ಮತ್ತು ತೆರಿಗೆ ವರದಿ

ಡಿಸೆಂಬರ್ ಬಂತೆಂದರೆ ವಯನಾಡಿನಲ್ಲಿ ರೊಬಸ್ಟಾ ಹಣ್ಣಾಗುತ್ತದೆ. ಕುಯ್ಲಿಗೆ ಆಳು ಬೇಕು, ಆಳು ಬೇಕಾದರೆ ಮೇಸ್ತ್ರಿ ಬೇಕು. ಬಾವಲಿಯ ಗಡಿ ದಾಟಿದರೆ ಎಚ್.ಡಿ. ಕೋಟೆ ತಾಲ್ಲೂಕು, ಆಚೆಯ ಆಳು ಈಚೆಗೆ, ಈಚೆಯ ಆಳು ಕೊಡಗಿನ ಶುಂಠಿ ಹೊಲಕ್ಕೆ ಹೋಗಿಬರುವ ಸೀಮೆ ಇದು. ಆಳುಗಳನ್ನು ಒಟ್ಟುಮಾಡುವವನು, ಮುಂಗಡ ಹಂಚುವವನು, ವಾರದ ಬಟವಾಡೆ ಮಾಡುವವನು ಮೇಸ್ತ್ರಿಯೇ. ತೋಟದವರು ಅವನ ಕೈಗೆ ಕೊಟ್ಟ ಹಣವನ್ನು ಲೆಕ್ಕದ ಪುಸ್ತಕದಲ್ಲಿ ‘ಕೂಲಿ’ ಎಂದು ಬರೆದುಬಿಡುವುದುಂಟು.

ತಪ್ಪು ಹುಟ್ಟುವುದು ಆ ಒಂದು ಪದದಲ್ಲಿ.

1961ರ ಆದಾಯ ತೆರಿಗೆ ಕಾಯಿದೆಗೆ 194ಸಿ ಕಲಮು ಸೇರಿದ್ದು 1972ರಲ್ಲಿ. ಗುತ್ತಿಗೆದಾರನಿಗೆ ಹಣ ಕೊಡುವಾಗಲೇ ತೆರಿಗೆ ಹಿಡಿದುಕೊಳ್ಳಬೇಕೆನ್ನುವ ಈ ಕಲಮು, ಕೆಲಸಕ್ಕೆ ಆಳು ಒದಗಿಸುವುದನ್ನೂ ‘ಕೆಲಸ’ದೊಳಗೇ ಸೇರಿಸಿದೆ. ತೋಟದವರು ಒಬ್ಬೊಬ್ಬ ಆಳಿಗೂ ನೇರವಾಗಿ ಕೊಟ್ಟರೆ ಅದು ಕೂಲಿ. ಆಳು ಒದಗಿಸುವ ಹೊಣೆ ಹೊತ್ತ ಮೇಸ್ತ್ರಿಗೆ ಇಡೀ ಹಣ ಕೊಟ್ಟರೆ, ಅವನು ಅದರಲ್ಲಿ ಬಹುಪಾಲನ್ನು ಆಳುಗಳಿಗೇ ಹಂಚಿದರೂ, ಅದು ಗುತ್ತಿಗೆ ಪಾವತಿ. ಕೂಲಿ ನೇರವಾಗಿ ಆಳಿಗೆ ಹೋಗಿ ಮೇಸ್ತ್ರಿಗೆ ತಲೆಗಿಷ್ಟು ಎಂದು ಮಾತ್ರ ಸಂದರೆ ಅದು ದಲ್ಲಾಳಿ. ಅದಕ್ಕೆ 194ಎಚ್ ಎಂಬ ಬೇರೆಯೇ ಕಲಮಿದೆ. 2026ರ ಏಪ್ರಿಲ್ 1ರಿಂದ ಜಾರಿಗೆ ಬಂದ 2025ರ ಕಾಯಿದೆಯಲ್ಲಿ ಇವೆಲ್ಲ 393ನೆಯ ಕಲಮಿನೊಳಗೆ ಸೇರಿದವು. ಇಲ್ಲಿನ ಚರ್ಚೆ ಹಳೆಯ, ಬಳಕೆಯಲ್ಲಿ ಬೇರೂರಿದ ಸಂಖ್ಯೆಗಳಲ್ಲೇ ನಡೆದಿದೆ.

ಒಂದು ಲೆಕ್ಕ ಹಾಕಿ ನೋಡಬಹುದು. ಒಂದೇ ಬಾರಿಗೆ 30,000 ರೂಪಾಯಿ ಮೀರಿದರೆ, ಇಲ್ಲವೇ ವರ್ಷದ ಒಟ್ಟು ಮೊತ್ತ 1,00,000 ದಾಟಿದರೆ ಕಡಿತ ಮಾಡಬೇಕು. ತೋಟದವರು ಮೇಸ್ತ್ರಿಗೆ ವಾರಕ್ಕೆ 28,000ದಂತೆ ಕೊಡುತ್ತಾರೆ ಎನ್ನೋಣ. ಮೂರು ವಾರ ಏನೂ ಇಲ್ಲ. ನಾಲ್ಕನೆಯ ಬಟವಾಡೆಗೆ ಒಟ್ಟು 1,12,000 ಆಗುತ್ತದೆ. ಶೇಕಡ 1ರಂತೆ 1,120 ರೂಪಾಯಿಯನ್ನು ಅಂದೇ ಹಿಡಿಯಬೇಕು. ಮೇಸ್ತ್ರಿಯ ಬಳಿ ಪ್ಯಾನ್ ಇಲ್ಲದಿದ್ದರೆ, ಅಥವಾ ಆಧಾರ್ ಜೋಡಿಸದೆ ಅದು ನಿಷ್ಕ್ರಿಯವಾಗಿದ್ದರೆ, ದರ ಶೇಕಡ 20. ಆಗ ಹಿಡಿಯಬೇಕಾದದ್ದು 22,400. ಆ ವಾರ ಅವನ ಕೈಗೆ ಬರುವುದು 5,600. ಇಪ್ಪತ್ತು ಆಳು ಕಣದ ಅಂಚಿನಲ್ಲಿ ಬಟವಾಡೆಗೆ ಕಾದು ನಿಂತಿರುವಾಗ ಇದು ಸಣ್ಣ ಮಾತಲ್ಲ. ಕುಯ್ಲು ಶುರುವಾಗುವ ಮುನ್ನವೇ ಪ್ಯಾನ್ ಕೇಳಿ ಬರೆದಿಟ್ಟುಕೊಳ್ಳುವುದು ತೋಟದವರು ಮೇಸ್ತ್ರಿಗೆ ಮಾಡುವ ದೊಡ್ಡ ಉಪಕಾರ.

ಪ್ಯಾನಿನ ಹತ್ತು ಅಕ್ಷರಗಳಲ್ಲಿ ನಾಲ್ಕನೆಯದನ್ನು ಗಮನಿಸಬೇಕು. ‘ಪಿ’ ಇದ್ದರೆ ವ್ಯಕ್ತಿ, ‘ಎಚ್’ ಇದ್ದರೆ ಹಿಂದೂ ಅವಿಭಕ್ತ ಕುಟುಂಬ, ದರ ಶೇಕಡ 1. ‘ಎಫ್’ ಇದ್ದರೆ ಪಾಲುದಾರಿಕೆ ಸಂಸ್ಥೆ, ದರ ಶೇಕಡ 2.

ಕಡಿತದ ಹೊಣೆ ಎಲ್ಲರಿಗೂ ಒಂದೇ ಅಲ್ಲ. ಒಬ್ಬನೇ ನಡೆಸುವ ವ್ಯಾಪಾರವಾದರೆ ಹಿಂದಿನ ವರ್ಷದ ವಹಿವಾಟು 1 ಕೋಟಿ ದಾಟಿರಬೇಕು. ಪಾಲುದಾರಿಕೆ ಸಂಸ್ಥೆಗೆ ಆ ವಿನಾಯಿತಿಯಿಲ್ಲ. ಅಣ್ಣತಮ್ಮಂದಿರು ಪಾಲುದಾರರಾಗಿ ಪತ್ರ ಬರೆದುಕೊಂಡು ತೋಟವನ್ನೋ ವೈತಿರಿಯ ಕಡೆ ಒಂದು ರೆಸಾರ್ಟನ್ನೋ ನಡೆಸಿದರೆ, ಮೊದಲ ವರ್ಷದಿಂದಲೇ ಅವರು ಕಡಿತಕ್ಕೆ ಬದ್ಧರು. ಸಣ್ಣ ಸಂಸ್ಥೆಗಳು ಎಡವುವುದು ಹೆಚ್ಚಾಗಿ ಇಲ್ಲೇ. ಕಡಿತ ಮಾಡದೆ ಕೊಟ್ಟ ಹಣದಲ್ಲಿ ಶೇಕಡ 30ರಷ್ಟನ್ನು ಖರ್ಚೆಂದು ಇಲಾಖೆ ಒಪ್ಪುವುದಿಲ್ಲ. ಕಡಿತದ ವಿವರ ಸಲ್ಲಿಸುವ ತ್ರೈಮಾಸಿಕ 26ಕ್ಯೂ ನಮೂನೆ ತಡವಾದರೆ ದಿನಕ್ಕೆ 200 ರೂಪಾಯಿ ಶುಲ್ಕ. ತೋಟಕ್ಕೆ ಆಳು ಒದಗಿಸುವುದಕ್ಕೆ ಜಿಎಸ್‌ಟಿ ಇಲ್ಲ, ಹಾಗಾಗಿ ಈ ಕಡಿತವೂ ಇಲ್ಲ ಎಂದುಕೊಳ್ಳುವುದು ಇನ್ನೊಂದು ಎಡವಟ್ಟು. ಎರಡು ಕಾಯಿದೆಗಳಿಗೂ ಪರಸ್ಪರ ಸಂಬಂಧವಿಲ್ಲ.

ಲಾರಿ ಬಾಡಿಗೆಯ ಕಥೆ ಬೇರೆ. ಹತ್ತು ಅಥವಾ ಅದಕ್ಕಿಂತ ಕಡಿಮೆ ಸರಕು ವಾಹನ ಇರುವ ಮಾಲೀಕ ಪ್ಯಾನ್ ಸಮೇತ ಘೋಷಣೆ ಕೊಟ್ಟರೆ ಒಂದು ರೂಪಾಯಿಯನ್ನೂ ಹಿಡಿಯಬೇಕಿಲ್ಲ. ಆದರೆ ಹಿಡಿಯದ ಆ ಪಾವತಿಯನ್ನೂ ನಮೂನೆಯಲ್ಲಿ ತೋರಿಸಲೇಬೇಕು.

ಇಷ್ಟೆಲ್ಲದರ ಕೊನೆಯ ಫಲಾಫಲ ಮೇಸ್ತ್ರಿಯದು. ಒಂದು ಹಂಗಾಮಿನಲ್ಲಿ ಅವನ ಹೆಸರಿಗೆ 10 ಲಕ್ಷ ಬಂದರೆ ಕಡಿತ 10,000. ಅಂದಾಜು ಲಾಭ ತೋರಿಸಲು ಬಿಡುವ 44ಎಡಿ ಕಲಮಿನಂತೆ ಶೇಕಡ 8 ಲಾಭ ತೋರಿಸಿದರೆ ಅವನ ಆದಾಯ 80,000. ಬೇರೆ ಆದಾಯವಿಲ್ಲದಿದ್ದರೆ ತೆರಿಗೆಯೇ ಬೀಳದು, ರಿಟರ್ನ್ ಸಲ್ಲಿಸಿದರೆ ಪೂರ್ತಿ 10,000 ವಾಪಸು. ಆದರೆ 26ಕ್ಯೂ ತುಂಬುವಾಗ ಪ್ಯಾನಿನ ಒಂದಂಕಿ ತಪ್ಪಿದ್ದರೆ ಆ ಹಣ ಅವನ ತೆರಿಗೆ ಜಮೆ ತೋರಿಸುವ 26ಎಎಸ್‌ನಲ್ಲಿ ಕಾಣುವುದಿಲ್ಲ. ಅದನ್ನು ತಿದ್ದಿ ಮತ್ತೆ ಸಲ್ಲಿಸಬೇಕಾದವರು ತೋಟದವರು. ಕುಯ್ಲು ಮುಗಿಸಿ ಬಾವಲಿ ದಾಟಿ ಊರಿಗೆ ಹೋದ ಮೇಸ್ತ್ರಿ ಅದಕ್ಕಾಗಿ ಮತ್ತೆ ಅವರ ಮನೆ ಬಾಗಿಲಿಗೇ ಬರಬೇಕು.