ಪಶ್ಚಿಮ ಬೆಂಗಳೂರಿನಲ್ಲಿ ಕ್ಯಾಡ್ ಕಲಿಕೆ

ಕಂಪ್ಯೂಟರಿನಲ್ಲಿ ನಕ್ಷೆ ಬಿಡಿಸುವ ವಿದ್ಯೆಯಾದ ಕ್ಯಾಡ್‌ಗೆ ಪಶ್ಚಿಮ ಬೆಂಗಳೂರಿನಲ್ಲಿ ನೆಲೆ ಸಿಕ್ಕಿದ್ದು ಕಾರ್ಖಾನೆ ಮತ್ತು ಕಾಲೇಜು ಎರಡೂ ಇಲ್ಲಿದ್ದುದರಿಂದ. ವಿಶ್ವೇಶ್ವರಯ್ಯನವರು 1917ರಲ್ಲಿ ಆರಂಭಿಸಿದ ಎಂಜಿನಿಯರಿಂಗ್ ಕಾಲೇಜು, ಇಂದಿನ ಯುವಿಸಿಇ, ತನ್ನ ಸಿವಿಲ್ ವಿಭಾಗವನ್ನು ಜ್ಞಾನಭಾರತಿ ಆವರಣದಲ್ಲಿ ನಡೆಸುತ್ತ ಬಂದಿದೆ. ರಾಜಾಜಿನಗರದ ಕೈಗಾರಿಕಾ ಬಡಾವಣೆಯಲ್ಲಿ ಡೆನ್ಮಾರ್ಕ್ ಸರ್ಕಾರದ ಸಹಕಾರದಿಂದ 1972ರಲ್ಲಿ ಸರ್ಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರ, ಅಂದರೆ ಜಿಟಿಟಿಸಿ, ಶುರುವಾಯಿತು.

ಆಗ ನಕ್ಷೆಯೆಂದರೆ ಕೈಕೆಲಸ. ಡ್ರಾಯಿಂಗ್ ಬೋರ್ಡು, ಟಿ-ಸ್ಕ್ವೇರ್, ಮಿನಿ ಡ್ರಾಫ್ಟರ್, ಟ್ರೇಸಿಂಗ್ ಹಾಳೆ. ಒಂದು ಅಳತೆ ಬದಲಾದರೆ ಶಾಯಿಯ ಗೆರೆಯನ್ನು ಬ್ಲೇಡಿನಿಂದ ಕೆರೆದು ತೆಗೆಯಬೇಕು. ಬದಲಾವಣೆ ದೊಡ್ಡದಾದರೆ ಹಾಳೆಯನ್ನೇ ಹೊಸದಾಗಿ ಬರೆಯಬೇಕು. ಆ ಶ್ರಮ ಕೈಗೆ ಕಲಿಸಿದ ಶಿಸ್ತು ಮಾತ್ರ ಸಣ್ಣದಲ್ಲ.

1982ರ ಕೊನೆಯಲ್ಲಿ ಆಟೊಕ್ಯಾಡ್ ಎಂಬ ತಂತ್ರಾಂಶ ಬಂದು, ಸಾಧಾರಣ ಕಂಪ್ಯೂಟರಿನಲ್ಲೂ ನಕ್ಷೆ ಬಿಡಿಸುವುದು ಸಾಧ್ಯವಾಯಿತು. ಆದರೂ ಯಂತ್ರದ ಬೆಲೆ ಮನೆಮಂದಿಗೆ ಎಟುಕದ ಕಾಲವದು. ಹಾಗಾಗಿ ಗಂಟೆ ಲೆಕ್ಕದಲ್ಲಿ ಕಂಪ್ಯೂಟರ್ ಒದಗಿಸುವ ಖಾಸಗಿ ತರಬೇತಿ ಕೇಂದ್ರಗಳಿಗೆ ಬೇಡಿಕೆ ಹುಟ್ಟಿತು. ಡಿಪ್ಲೊಮಾ, ಐಟಿಐ ಮುಗಿಸಿದವರು ಕೆಲಸಕ್ಕೆ ಮುನ್ನ ಅಲ್ಲಿಗೆ ಸೇರತೊಡಗಿದರು. ಜಿಟಿಟಿಸಿಯಲ್ಲಿ ಕ್ಯಾಡ್ ಜೊತೆಗೆ ಕ್ಯಾಮ್, ಅಂದರೆ ಕಂಪ್ಯೂಟರ್ ನೆರವಿನ ತಯಾರಿಕೆ, ಕೂಡ ಪಾಠವಾಯಿತು: ಪರದೆಯ ಮೇಲಿನ ಗೆರೆ ಕಂಪ್ಯೂಟರ್ ನಿಯಂತ್ರಿತ ಸಿಎನ್‌ಸಿ ಯಂತ್ರದಲ್ಲಿ ಲೋಹವನ್ನು ಕೊರೆಯುವುದನ್ನು ಕಲಿಯುವವರು ಅಲ್ಲಿ ಕಣ್ಣಾರೆ ಕಾಣುತ್ತಾರೆ. ತರಬೇತಿ ಹುಡುಕುವವರು ಒಂದು ಕೇಂದ್ರದಲ್ಲಿ ಮೊದಲು ನೋಡಬೇಕಾದ ಗುಣ ಇದೇ.

1998ರಲ್ಲಿ ಸ್ಥಾಪನೆಯಾದ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ ಕಂಪ್ಯೂಟರ್ ನೆರವಿನ ಎಂಜಿನಿಯರಿಂಗ್ ಡ್ರಾಯಿಂಗನ್ನು ಮೊದಲ ವರ್ಷದ ಪಠ್ಯಕ್ಕೇ ತಂದಿತು. ಹೊರಗೆ ಹಣ ಕೊಟ್ಟು ಕಲಿಯುತ್ತಿದ್ದ ಮೊದಲ ಪಾಠಗಳು ಹೀಗೆ ತರಗತಿಯೊಳಗೆ ಬಂದವು.