ಕೊಪ್ಪಳದ ದುರ್ಗವೂ ತೋಪುಗಳೂ
ಸಮತಲವಾದ ಎರೆಯ ಬಯಲಿನಿಂದ ಥಟ್ಟನೆ ಮೇಲೆದ್ದ ಕೊಪ್ಪಳದ ಬೆಟ್ಟವನ್ನು ಕಂಡವರಿಗೆ, ಅದನ್ನು ಫಿರಂಗಿಯ ಗುಂಡಿನಿಂದ ಜಯಿಸುವುದು ಎಷ್ಟು ದುಸ್ಸಾಧ್ಯವಾಗಿದ್ದೀತೆಂಬುದನ್ನು ವಿವರಿಸಬೇಕಾಗಿಲ್ಲ. 1786ರಲ್ಲಿ ಪಾಳೆಯಗಾರನಿಂದ ಈ ದುರ್ಗವನ್ನು ಕೈವಶ ಮಾಡಿಕೊಂಡ ಟಿಪ್ಪು ಸುಲ್ತಾನನು, ಫ್ರೆಂಚ್ ಶಿಲ್ಪಿಗಳ ನೆರವಿನಿಂದ ಇದನ್ನು ಪುನಃ ಕಟ್ಟಿಸಿದನು. ತಾನು ಕಂಡ ಕೋಟೆಗಳಲ್ಲೆಲ್ಲ ಇದೇ ಅತ್ಯಂತ ಬಲಿಷ್ಠವಾದುದೆಂದು ಈಸ್ಟ್ ಇಂಡಿಯಾ ಕಂಪನಿಯ ಸೇನಾಧಿಕಾರಿ ಸರ್ ಜಾನ್ ಮಾಲ್ಕಂ ಹೇಳಿದ್ದು ಉತ್ಪ್ರೇಕ್ಷೆಯೆಂದು ನನಗೆ ತೋರುವುದಿಲ್ಲ.

1790ರಲ್ಲಿ ನಿಜಾಮನ ಸೈನ್ಯವೂ ಇಂಗ್ಲಿಷರ ತುಕಡಿಗಳೂ ಕೂಡಿ ಮುತ್ತಿಗೆ ಹಾಕಿದಾಗ, ಇಲ್ಲಿ ಕಾದಾಡಿದ್ದು ಮನುಷ್ಯರಷ್ಟೇ ಅಲ್ಲ, ಎತ್ತರವೂ ಹೌದು. ಬುರುಜಿನ ಮೇಲಿನ ತೋಪಿಗೆ ಬಯಲೆಲ್ಲವೂ ತೆರೆದ ಗುರಿಯಾಗಿದ್ದರೆ, ಕೆಳಗಿನ ತೋಪು ಮೂತಿಯನ್ನೆತ್ತಿ ಆಕಾಶದತ್ತ ಹಾರಿಸಬೇಕಾಗುತ್ತಿತ್ತು. ಆರು ತಿಂಗಳುಗಳ ಕಾಲ ದುರ್ಗವು ಮಣಿಯಲಿಲ್ಲ. 1791ರ ಮಾರ್ಚಿನಲ್ಲಿ ಬೆಂಗಳೂರಿನ ಕೋಟೆಯು ಬಿದ್ದ ಬಳಿಕ, ಏಪ್ರಿಲ್‌ನಲ್ಲಿ ಮಾತ್ರವೇ ಕೊಪ್ಪಳವು ಶರಣಾಯಿತು.

1792ರ ಶ್ರೀರಂಗಪಟ್ಟಣದ ಒಪ್ಪಂದದಂತೆ ಈ ಸೀಮೆಯು ನಿಜಾಮನಿಗೆ ಸಂದಿತು. 1819ರಲ್ಲಿ ವೀರಪ್ಪನೆಂಬುವನು ಈ ಕೋಟೆಯನ್ನು ಹಿಡಿದನಾದರೂ ಅದು ಉಳಿಯಲಿಲ್ಲ. 1858ರಲ್ಲಿ ಮುಂಡರಗಿ ಭೀಮರಾಯನು ಇಂಗ್ಲಿಷರ ವಿರುದ್ಧ ಸಿಡಿದೆದ್ದು ಇದೇ ಕೋಟೆಯನ್ನು ಆಶ್ರಯಿಸಿ, ಇಲ್ಲಿಯೇ ಹೋರಾಡಿ ಮಡಿದನು.